ಕ್ಲಬ್ ದಿವಾಳಿ ಎದ್ದರೆ ಮೊದಲು ಮೈದಾನದ ಖಾತೆ ನೋಡಿ

ಇಂಗ್ಲೆಂಡಿನ ಶೆಫೀಲ್ಡ್ ವೆಡ್ನೆಸ್‌ಡೇ ಫುಟ್‌ಬಾಲ್ ಕ್ಲಬ್ 2025ರ ಅಕ್ಟೋಬರ್‌ನಲ್ಲಿ ದಿವಾಳಿ ಆಡಳಿತಕ್ಕೆ ಹೋಯಿತು. 1867ರಲ್ಲಿ ಹುಟ್ಟಿದ ಕ್ಲಬ್. ನಾಲ್ಕು ಸಲ ಇಂಗ್ಲೆಂಡಿನ ಚಾಂಪಿಯನ್. ಆಟಗಾರರ ಸಂಬಳ ತಡವಾಗುತ್ತಾ ಬಂತು, ತೆರಿಗೆ ಬಾಕಿ ಬೆಳೆಯಿತು, ಕೊನೆಗೆ ಮಾಲೀಕನ ಕೈಯಿಂದ ಕ್ಲಬ್ ತಗೊಂಡು ಸಾಲದ ಲೆಕ್ಕ ನೋಡುವ ಆಡಳಿತಾಧಿಕಾರಿಗಳು ಬಂದು ಕೂತರು. ಅದರ ಜೊತೆಗೇ ಶಿಕ್ಷೆಯಾಗಿ ಲೀಗ್ ಪಟ್ಟಿಯಲ್ಲಿ 12 ಅಂಕ ಕಡಿತ. ಮಜಾ ಏನಂದರೆ, ಮಾಲೀಕನ ಮೇಲಿನ ಸಿಟ್ಟಿಗೆ ಪಂದ್ಯ ಬಹಿಷ್ಕರಿಸಿ ಮನೆಯಲ್ಲಿದ್ದ ಅಭಿಮಾನಿಗಳು ಈ ಸುದ್ದಿ ಕೇಳಿದ ತಕ್ಷಣ ಟಿಕೆಟ್ ಕೊಳ್ಳೋಕೆ ಮುಗಿಬಿದ್ದರು. ಕ್ಲಬ್ ದಿವಾಳಿ ಆಯ್ತು ಅಂತ ಖುಷಿ! ಆ ಮಾಲೀಕ ಹೋದನಲ್ಲ, ಅಷ್ಟು ಸಾಕಾಗಿತ್ತು ಅವರಿಗೆ.

ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದನ್ನು ಹಾಕಿದೆ. "ಅಣ್ಣಾ, ದಾವಣಗೆರೆಯಲ್ಲಿ ಕೂತು ಶೆಫೀಲ್ಡ್ ಚಿಂತೆ ಯಾಕೆ? ಕಂಪನಿ ಅಂದ ಮೇಲೆ ಮುಳುಗುತ್ತೆ, ಬೇರೆಯದು ಬರುತ್ತೆ" ಅಂದ ಒಬ್ಬ. ಪಿ.ಜೆ. ಬಡಾವಣೆಯ ಹುಡುಗ, ರಾತ್ರಿಯೆಲ್ಲ ಇಂಗ್ಲೆಂಡಿನ ಮೇಲಿನ ಹಂತದ ಫುಟ್‌ಬಾಲ್, ಪ್ರೀಮಿಯರ್ ಲೀಗ್ ನೋಡ್ತಾನೆ. ಅವನಿಗೆ ಗುಂಪಿನಲ್ಲಿ ಎರಡು ಸಾಲು ಬರೆದರೆ ಮುಗಿಯೋದಿಲ್ಲ ಅಂತ ಇಲ್ಲಿ ಬರೀತಿದ್ದೀನಿ.

ಅವನ ಮಾತಲ್ಲಿ ಅರ್ಧ ನಿಜ ಇದೆ. ಅಂಗಡಿ ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ. ಕ್ಲಬ್ ಮುಚ್ಚಿದರೆ ಹೋಗೋದಿಲ್ಲ. ಶೆಫೀಲ್ಡಿನಲ್ಲೇ ಇನ್ನೊಂದು ಕ್ಲಬ್ ಇದೆ, ಶೆಫೀಲ್ಡ್ ಯುನೈಟೆಡ್. ವೆಡ್ನೆಸ್‌ಡೇ ಅಭಿಮಾನಿಗೆ ಹೋಗಿ ಹೇಳಿ ನೋಡಿ, ಅದನ್ನು ಬೆಂಬಲಿಸಿ ಅಂತ. ಒದೆ ಬೀಳುತ್ತೆ.

ನನಗೆ ಈ ವಿಷಯ ಅಂಟಿಕೊಂಡಿದ್ದು ಬೆರಿ ಅನ್ನೋ ಕ್ಲಬ್‌ನಿಂದ. ಮ್ಯಾಂಚೆಸ್ಟರ್ ಪಕ್ಕದ ಊರು. ಹತ್ತಿ ಗಿರಣಿಗಳ ಊರು. ನೇಯ್ಗೆಯ ವೇಗವನ್ನೇ ಬದಲಿಸಿದ ಹಾರುವ ಲಾಳಿಯನ್ನು 1733ರಲ್ಲಿ ತಂದ ಜಾನ್ ಕೇ ಅದೇ ಸೀಮೆಯವನು. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ ಹುಟ್ಟಿದವನು ನಾನು. ಮಿಲ್ ಮುಚ್ಚಿದ ಮೇಲೆ ಊರಿನಲ್ಲಿ ಏನು ಉಳಿಯುತ್ತೆ ಅಂತ ಕಣ್ಣಾರೆ ನೋಡಿದ್ದೀನಿ. ಬೆರಿಯಲ್ಲಿ ಮಿಲ್‌ಗಳು ಹೋದ ಮೇಲೆ ಊರಿನ ಹೆಸರು ಪೇಪರ್‌ನಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ಫುಟ್‌ಬಾಲ್ ಪುಟದಲ್ಲಿ.

ಸಣ್ಣ ಕ್ಲಬ್ ಅಂತ ತಳ್ಳಿಹಾಕಬೇಡಿ. 1885ರಲ್ಲಿ ಶುರುವಾಗಿದ್ದು. ಇಂಗ್ಲೆಂಡಿನ ಹಳೇ ನಾಕೌಟ್ ಟೂರ್ನಿ ಎಫ್‌ಎ ಕಪ್ಪನ್ನು ಎರಡು ಸಲ ಗೆದ್ದಿದೆ, 1900ರಲ್ಲಿ ಮತ್ತು 1903ರಲ್ಲಿ. ಎರಡನೇ ಫೈನಲ್‌ನಲ್ಲಿ ಡರ್ಬಿ ಕೌಂಟಿಯನ್ನು 6-0ಯಿಂದ ಹೊಡೆದರು. ಆ ಅಂತರವನ್ನು ಇನ್ನೊಬ್ಬರು ಸರಿಗಟ್ಟೋಕೆ 2019ರ ಮೇ ತಿಂಗಳವರೆಗೆ ಕಾಯಬೇಕಾಯಿತು. ಸರಿಗಟ್ಟಿದ್ದು ಮ್ಯಾಂಚೆಸ್ಟರ್ ಸಿಟಿ, ಅಬುಧಾಬಿಯ ಮಾಲೀಕರ ದುಡ್ಡಿನಲ್ಲಿ. ಅದೇ ವರ್ಷ ಆಗಸ್ಟ್ 27ರಂದು ಬೆರಿಯನ್ನು ಲೀಗ್‌ನಿಂದಲೇ ಹೊರಹಾಕಿದರು. ಎರಡೂ ಊರುಗಳ ಮಧ್ಯೆ ದೂರ ಹೆಚ್ಚುಕಡಿಮೆ ನಮಗೆ ಹರಿಹರ ಇದ್ದಷ್ಟು.

ಹೇಗಾಯಿತು ಇದು? ಆಟದಲ್ಲಿ ಸೋತು ಅಲ್ಲ. 2019ರ ಏಪ್ರಿಲ್‌ನಲ್ಲಿ ಅವರು ಮೇಲಿನ ಹಂತಕ್ಕೆ ಬಡ್ತಿ ಪಡೆದಿದ್ದರು! ಆದರೆ ಗೆದ್ದ ತಂಡಕ್ಕೆ ಕೊಡೋಕೆ ಸಂಬಳ ಇರಲಿಲ್ಲ. ಬರೋ ದುಡ್ಡಿಗಿಂತ ಜಾಸ್ತಿ ಸಂಬಳ ಒಪ್ಪಿಕೊಂಡು ತಂಡ ಕಟ್ಟಿದ್ದರು. ಅದಕ್ಕೂ ಮುಂಚೆಯೇ ಗಿಗ್ ಲೇನ್ ಮೈದಾನವನ್ನು ಅಡ ಇಟ್ಟು ಸಾಲ ಎತ್ತಲಾಗಿತ್ತು. ಇನ್ನೊಂದು ವಿಷಯ ಓದಿ ನಾನು ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಕ್ರೀಡಾಂಗಣದ ಕಾರ್ ಪಾರ್ಕಿಂಗ್ ಜಾಗಗಳನ್ನು ಒಂದೊಂದಾಗಿ ಹೂಡಿಕೆದಾರರಿಗೆ ಮಾರಿದ್ದರು. ವರ್ಷಕ್ಕೆ ಇಷ್ಟು ಲಾಭ ಅಂತ ಮಾತು ಕೊಟ್ಟು. ಮೈದಾನದ ಸುತ್ತಲಿನ ನೆಲವೂ ಚೂರುಚೂರಾಗಿ ಕೈಬಿಟ್ಟಿತ್ತು. 2018ರ ಕೊನೆಗೆ ಹೊಸ ಮಾಲೀಕ ಬಂದ, ಕೊಟ್ಟಿದ್ದು 1 ಪೌಂಡ್. ಆ ಊರಿನಲ್ಲಿ ಇಂಥ ಫುಟ್‌ಬಾಲ್ ತಂಡ ಇದೆ ಅಂತಲೇ ತನಗೆ ಗೊತ್ತಿರಲಿಲ್ಲ ಅಂತ ಆಮೇಲೆ ರೇಡಿಯೋದಲ್ಲಿ ಹೇಳಿದ ಪುಣ್ಯಾತ್ಮ.

ಕೊನೆಯ ದಿನಗಳಲ್ಲಿ ಕ್ಲಬ್‌ನ ಮಾಜಿ ನಿರ್ದೇಶಕಿ ಒಬ್ಬರು ಕ್ರೀಡಾಂಗಣದ ಪೈಪಿಗೆ ತಮ್ಮನ್ನು ತಾವು ಸರಪಳಿ ಬಿಗಿದುಕೊಂಡರು. ಗಡುವಿನ ದಿನ ನೂರಾರು ಜನ ಪೊರಕೆ, ಬಕೆಟ್ ಹಿಡಿದು ಗಿಗ್ ಲೇನ್ ಗುಡಿಸೋಕೆ ಬಂದರು. ಕೊಳ್ಳುವವರು ಸಿಕ್ಕರೆ ಪಂದ್ಯ ನಡೆಯಬಹುದಲ್ಲ, ಕುರ್ಚಿ ಒರೆಸಿ ಇಟ್ಟಿರೋಣ ಅಂತ. ಕೊಳ್ಳುವವರು ಹಿಂದೆ ಸರಿದರು. ರಾತ್ರಿ ಪ್ರಕಟಣೆ ಬಂತು. 125 ವರ್ಷದ ಲೀಗ್ ಸದಸ್ಯತ್ವ ಮುಗಿಯಿತು. ಪಕ್ಕದ ಬೋಲ್ಟನ್ ಕ್ಲಬ್ಬೂ ಅದೇ ಕಂತಿನಲ್ಲಿ ಮುಳುಗುವುದಿತ್ತು, ಮರುದಿನ ಮಾರಾಟವಾಗಿ ಬದುಕಿಕೊಂಡಿತು.

ಇನ್ನು ಬಾಕಿ ದುಡ್ಡಿನ ಮಾತು. ಇದು ನನಗೆ ಹೊಟ್ಟೆ ಉರಿಸುವ ಭಾಗ.

ಇಂಗ್ಲಿಷ್ ಫುಟ್‌ಬಾಲ್‌ನಲ್ಲಿ ಒಂದು ನಿಯಮ ಇದೆ. ಕ್ಲಬ್ ದಿವಾಳಿಯಾದರೆ ಫುಟ್‌ಬಾಲ್ ಲೋಕದವರ ಸಾಲ ಪೂರ್ತಿ ತೀರಬೇಕು. ಅಂದರೆ ಆಟಗಾರರ ಸಂಬಳ, ಆಟಗಾರರನ್ನು ಕೊಂಡಿದ್ದಕ್ಕೆ ಬೇರೆ ಕ್ಲಬ್‌ಗಳಿಗೆ ಕೊಡಬೇಕಾದ ವರ್ಗಾವಣೆ ಹಣ. ಅದು ತೀರದಿದ್ದರೆ ಲೀಗ್‌ನಲ್ಲಿ ಜಾಗ ಇಲ್ಲ. ಮಿಕ್ಕವರಿಗೆ ಚೂರುಪಾರು. ಪೋರ್ಟ್ಸ್‌ಮತ್ 2008ರಲ್ಲಿ ಎಫ್‌ಎ ಕಪ್ ಗೆದ್ದು, 2010ರಲ್ಲಿ ದಿವಾಳಿ ಆಡಳಿತಕ್ಕೆ ಹೋದ ಮೊದಲ ಪ್ರೀಮಿಯರ್ ಲೀಗ್ ಕ್ಲಬ್ ಆಯಿತಲ್ಲ, ಆಗ ಸಾಲ ಬರಬೇಕಾದವರ ಪಟ್ಟಿಯಲ್ಲಿ ಸೇಂಟ್ ಜಾನ್ ಆಂಬುಲೆನ್ಸ್ ಇತ್ತು. ಪಂದ್ಯದ ದಿನ ಗಾಯಗೊಂಡವರಿಗೆ ಪ್ರಥಮ ಚಿಕಿತ್ಸೆ ಕೊಡುವ ಸ್ವಯಂಸೇವಕರ ಸಂಸ್ಥೆ ಅದು. ಸ್ಟ್ರೈಕರ್‌ಗೆ ಪೂರ್ತಿ, ಸ್ಟ್ರೆಚರ್ ಹೊತ್ತವರಿಗೆ ಪೌಂಡಿಗೆ 20 ಪೆನ್ನಿಯ ಲೆಕ್ಕ, ಅಂದರೆ ಐದರಲ್ಲಿ ಒಂದು ಪಾಲು. ತೆರಿಗೆ ಇಲಾಖೆ ಈ ನಿಯಮದ ವಿರುದ್ಧ ಕೋರ್ಟಿಗೆ ಹೋಗಿ 2012ರಲ್ಲಿ ಸೋತಿತು. ಒಂದು ಕ್ಲಬ್ ಇನ್ನೊಂದಕ್ಕೆ ದುಡ್ಡು ಕೊಡದಿದ್ದರೆ ಅದೂ ಮುಳುಗುತ್ತೆ, ಸಾಲುಸಾಲಾಗಿ ಬೀಳ್ತಾರೆ, ಅದಕ್ಕೆ ಈ ನಿಯಮ ಅಂತಾರೆ. ವಾದ ಸುಳ್ಳಲ್ಲ. ಆದರೆ ಸ್ಟ್ರೆಚರ್ ಹೊತ್ತವರು ಅದರ ಬೆಲೆ ಯಾಕೆ ತೆರಬೇಕು ಅನ್ನೋದಕ್ಕೆ ಅದರಲ್ಲಿ ಉತ್ತರ ಇಲ್ಲ.

ಅಪ್ಪ ಇಲ್ಲಿನ ಒಂದು ಮಿಲ್‌ನಲ್ಲಿ ಸ್ಪಿನ್ನಿಂಗ್ ಖಾತೆಯಲ್ಲಿದ್ದರು. ಮಿಲ್ ಹೆಸರು ಬೇಡ. ಬಾಗಿಲು ಹಾಕಿದ ಮೇಲೆ ಗ್ರಾಚ್ಯುಟಿ ಅನ್ನೋ ಮಾತು ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಊಟದ ಹೊತ್ತಿಗೆ ಬರುತ್ತಿತ್ತು. ಕಂತುಕಂತಾಗಿ ಸ್ವಲ್ಪ ಬಂತು. ಈಗಿನ ನಮ್ಮ 2016ರ ದಿವಾಳಿ ಸಂಹಿತೆಯಲ್ಲಿ ಕಾರ್ಮಿಕರ 24 ತಿಂಗಳ ಬಾಕಿಯನ್ನು ಅಡಮಾನ ಇಟ್ಟುಕೊಂಡ ಬ್ಯಾಂಕಿನ ಸರಿಸಮ ಇಟ್ಟಿದ್ದಾರೆ. ಕಾಗದದ ಮೇಲಾದರೂ ಫುಟ್‌ಬಾಲ್‌ನವರಿಗಿಂತ ವಾಸಿ. ಆದರೆ ಮಿಲ್ ಗೇಟಿನ ಎದುರು ಮಂಡಕ್ಕಿ ಮಿರ್ಚಿ ಗಾಡಿ ಇಟ್ಟಿದ್ದವರು ಯಾವ ಪಟ್ಟಿಯಲ್ಲಿದ್ದರು? ಸಂಬಳದ ದಿನದ ನಂಬಿಕೆಯ ಮೇಲೆ ಉದ್ರಿ ಬರೆದುಕೊಂಡ ಕಿರಾಣಿ ಅಂಗಡಿಯವರು? ಅವರ ಪುಸ್ತಕದ ಬಾಕಿಯನ್ನು ಯಾವ ಕೋರ್ಟೂ ಕೇಳಲಿಲ್ಲ. ಬೆರಿಯಲ್ಲೂ ಪಂದ್ಯದ ದಿನ ಪಬ್ಬು, ಪೈ ಅಂಗಡಿ, ಟ್ಯಾಕ್ಸಿ ನಡೆಯುತ್ತಿತ್ತು. ದಿವಾಳಿ ಲೆಕ್ಕದಲ್ಲಿ ಅವರಿಗೂ ಕಾಲಂ ಇಲ್ಲ.

ಇಷ್ಟು ಕ್ಲಬ್‌ಗಳ ಕಥೆ ಓದಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಸತ್ತ ಕ್ಲಬ್ ಎದ್ದು ಬರುತ್ತೋ ಇಲ್ಲವೋ ಅನ್ನೋದನ್ನು ಸಾಲದ ಮೊತ್ತ ಅಷ್ಟಾಗಿ ನಿರ್ಧರಿಸೋದಿಲ್ಲ. ಮೈದಾನ ಯಾರ ಹೆಸರಲ್ಲಿದೆ ಅನ್ನೋದು ನಿರ್ಧರಿಸುತ್ತೆ.

ಸ್ಕಾಟ್ಲೆಂಡಿನ ಗ್ಲಾಸ್ಗೋದ ರೇಂಜರ್ಸ್ ಕ್ಲಬ್ ನೋಡಿ. 2012ರಲ್ಲಿ ಹಳೇ ಕಂಪನಿ ಮುಳುಗಿ ಹೋಯಿತು. 55 ಲಕ್ಷ ಪೌಂಡಿಗೆ ಆಸ್ತಿ ಕೊಂಡ ಹೊಸ ಕಂಪನಿಗೆ ಐಬ್ರಾಕ್ಸ್ ಕ್ರೀಡಾಂಗಣವೂ ಸೇರಿ ಬಂತು. ನಾಲ್ಕನೇ ಹಂತದಿಂದ ಶುರು ಮಾಡಬೇಕಾಯಿತು. ಆ ಹಂತದ ಮೊದಲ ತವರು ಪಂದ್ಯ ಈಸ್ಟ್ ಸ್ಟರ್ಲಿಂಗ್‌ಶೈರ್ ವಿರುದ್ಧ. ಬಂದ ಜನ 49,118! ಎದುರಾಳಿ ತಂಡದ ಹುಡುಗರು ಅಷ್ಟು ಜನರನ್ನು ಎಲ್ಲಿ ನೋಡಿರಬೇಕು? 2016ಕ್ಕೆ ಮೇಲಿನ ಹಂತ, 2021ಕ್ಕೆ ಮತ್ತೆ ಚಾಂಪಿಯನ್. ಇದು ಹಳೇ ಕ್ಲಬ್ಬೋ ಹೊಸದೋ ಅಂತ ಅದೇ ಊರಿನ ಎದುರಾಳಿ ಕ್ಲಬ್ ಸೆಲ್ಟಿಕ್‌ನ ಅಭಿಮಾನಿಗಳು ಇವತ್ತಿಗೂ ಕೆಣಕುತ್ತಾರೆ. ಆ ಜಗಳಕ್ಕೆ ನಾನು ಬರೋದಿಲ್ಲ.

ಇಟಲಿಯ ನಾಪೊಲಿ 2004ರಲ್ಲಿ ದಿವಾಳಿ. ಮರಡೋನ ಆಡಿದ ಮೈದಾನ ನಗರಸಭೆಯದು, ಹಾಗಾಗಿ ಸಾಲ ಕೊಟ್ಟವರು ಮುಟ್ಟೋಕೆ ಆಗಲಿಲ್ಲ. ಮೂರನೇ ಹಂತದಿಂದ ಎದ್ದು ಬಂದು 2023ರಲ್ಲಿ, ಮತ್ತೆ 2025ರಲ್ಲಿ ಲೀಗ್ ಗೆದ್ದರು. ಪಾರ್ಮಾ 2015ರಲ್ಲಿ ಎಷ್ಟು ಕೆಟ್ಟಿತ್ತೆಂದರೆ ಗೇಟ್ ಕಾಯುವವರಿಗೆ ಕೊಡೋಕೆ ದುಡ್ಡಿಲ್ಲದೆ ಪಂದ್ಯ ಮುಂದೂಡಿದರು. ನಾಯಕ ಲುಕರೆಲ್ಲಿ ಬಿಟ್ಟು ಹೋಗದೆ ನಾಲ್ಕನೇ ಹಂತದಲ್ಲಿ ಆಡಿದರು. ಸತತ ಮೂರು ಬಡ್ತಿ, 2018ಕ್ಕೆ ವಾಪಸ್. ಅಲ್ಲೂ ಮೈದಾನ ಊರಿನದೇ.

ಈಗ ಲಂಡನ್ನಿನ ವಿಂಬಲ್ಡನ್ ಕ್ಲಬ್ ನೋಡಿ. 1991ರಲ್ಲಿ ಪ್ಲೌ ಲೇನ್ ಬಿಟ್ಟರು. ಆ ಜಾಗ ಆಮೇಲೆ ಸೂಪರ್ ಮಾರ್ಕೆಟ್ ಕಂಪನಿಗೆ ಹೋಯಿತು. ನೆಲ ಇಲ್ಲದ ಕ್ಲಬ್ಬನ್ನು 2003ರಲ್ಲಿ ಮಿಲ್ಟನ್ ಕೀನ್ಸ್ ಊರಿಗೆ ಎತ್ತಿಕೊಂಡು ಹೋದರು. ಅಭಿಮಾನಿಗಳು ತಮ್ಮದೇ ಕ್ಲಬ್ ಕಟ್ಟಿ, ಪ್ಲೌ ಲೇನ್ ರಸ್ತೆಗೆ ಮರಳೋಕೆ 2020 ಆಯಿತು. ಬೆರಿಯ ಜನ ಕೂಡ ಹಾಗೇ. ಸರ್ಕಾರದ ನೆರವು, ಪಾಲಿಕೆಯ ನೆರವು, ತಮ್ಮ ಕೈದುಡ್ಡು ಸೇರಿಸಿ 2022ರಲ್ಲಿ ಗಿಗ್ ಲೇನ್ ಕೊಂಡರು. 2023ರಲ್ಲಿ ಅಲ್ಲಿ ಬೆರಿ ಹೆಸರಿನ ತಂಡದ ಆಟ ಮತ್ತೆ ಶುರು, ಒಂಬತ್ತನೇ ಹಂತದಲ್ಲಿ. ಅಲ್ಲಿ ಮತ್ತೆ ಆಡೋಕೆ ಮುಂಚೆ ಅವರು ಕೊಂಡಿದ್ದು ನೆಲ.

ಹಾಗಾದರೆ ಶೆಫೀಲ್ಡಿನ ಹಿಲ್ಸ್‌ಬರೋ? ಅದನ್ನು ಕ್ಲಬ್ ತನ್ನ ಮಾಲೀಕನದೇ ಇನ್ನೊಂದು ಕಂಪನಿಗೆ ಸುಮಾರು 6 ಕೋಟಿ ಪೌಂಡಿಗೆ ಮಾರಿಕೊಂಡಿತ್ತು. ಲೆಕ್ಕಪತ್ರದಲ್ಲಿ ಲಾಭ ತೋರಿಸೋಕೆ. ಎಡಗೈಯಿಂದ ಬಲಗೈಗೆ. ಕೊಂಡವನೂ ಮಾರಿದವನೂ ಒಬ್ಬನೇ ಅಂದ ಮೇಲೆ ಯಾರು ಪ್ರಶ್ನೆ ಕೇಳಬೇಕು? ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆಗಿಂತ ಮಿಲ್ಲಿನ ಸೈಟಿಗೆ ಜಾಸ್ತಿ ಬೆಲೆ ಬಂದ ದಿನವೇ ಮಿಲ್ಲಿನ ಕಥೆ ಮುಗಿದಿರುತ್ತೆ.

ಬೆರಿಯ ಗಲಾಟೆಯಿಂದ ಒಂದು ಒಳ್ಳೇದಾಯಿತು. ಇಂಗ್ಲೆಂಡಿನಲ್ಲಿ 2025ರ ಜುಲೈನಲ್ಲಿ ಹೊಸ ಕಾಯ್ದೆ ಬಂತು. ಸ್ವತಂತ್ರ ನಿಯಂತ್ರಕರು ಇರ್ತಾರೆ. ಕ್ಲಬ್ ತನ್ನ ತವರು ಮೈದಾನ ಮಾರಬೇಕಾದರೂ, ಅಡ ಇಡಬೇಕಾದರೂ ಅವರ ಒಪ್ಪಿಗೆ ಬೇಕು. ಪ್ರೀಮಿಯರ್ ಲೀಗ್‌ನವರಿಗೆ ಈ ನಿಯಂತ್ರಕರು ಇಷ್ಟ ಇರಲಿಲ್ಲ. ಯಾಕೆ ಅಂತ ಊಹಿಸೋದು ಕಷ್ಟ ಅಲ್ಲ.

ನಮ್ಮ ದೇಶದ ಕಥೆ ಇನ್ನೂ ವಿಚಿತ್ರ. ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಪಂಜಾಬಿನ ಜೆಸಿಟಿ 2011ರಲ್ಲಿ ಮುಚ್ಚಿತು. ಅದೂ ಬಟ್ಟೆ ಮಿಲ್ಲಿನ ತಂಡ ನೋಡಿ! ಮಹೀಂದ್ರ ಯುನೈಟೆಡ್ 2010ರಲ್ಲೇ ಹೋಗಿತ್ತು. 2019ರಲ್ಲಿ ಪುಣೆ ಸಿಟಿ ನಿಂತು ಅದರ ಜಾಗಕ್ಕೆ ಹೈದರಾಬಾದ್ ಬಂತು. 2022ರಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಆಮೇಲೆ ಸಂಬಳದ ರಂಪ, 2025ರಲ್ಲಿ ಗಂಟುಮೂಟೆ ಕಟ್ಟಿ ದೆಹಲಿಗೆ. ಹೈದರಾಬಾದಿನಲ್ಲಿ ಗುಡಿಸೋಕೆ ಪೊರಕೆ ಹಿಡಿದು ಹೋಗಬೇಕು ಅಂದರೂ ಕ್ಲಬ್‌ನದು ಅಂತ ಮೈದಾನವೇ ಇರಲಿಲ್ಲ. ನಮ್ಮ ಬೆಂಗಳೂರು ಎಫ್‌ಸಿಯೂ 2025ರ ಆಗಸ್ಟ್‌ನಲ್ಲಿ ಲೀಗ್ ನಡೆಯುತ್ತೋ ಇಲ್ಲವೋ ಗೊತ್ತಿಲ್ಲದೆ ಆಟಗಾರರ ಸಂಬಳ ನಿಲ್ಲಿಸಿತು. ಸುನಿಲ್ ಚೆಟ್ರಿ ಇರುವ ಕ್ಲಬ್‌ನ ಗತಿಯೇ ಹೀಗೆ. ಅವರು ಆಡೋದೂ ಸರ್ಕಾರದ ಕಂಠೀರವದಲ್ಲಿ. ಅದೊಂದು ಸಮಾಧಾನ, ಮೈದಾನವನ್ನಂತೂ ಯಾರೂ ಅಡ ಇಡೋಕೆ ಆಗೋದಿಲ್ಲ.

ಕೆಪಿಎಲ್, ಅಂದರೆ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್‌ನಲ್ಲಿ ದಾವಣಗೆರೆ ಡೈಮಂಡ್ಸ್ ಅಂತ ಒಂದು ತಂಡ ಇತ್ತು, ಎಷ್ಟು ಜನಕ್ಕೆ ನೆನಪಿದೆ? ಅದು ಇಲ್ಲದಾದಾಗ ಊರಿನ ಒಂದು ಟೀ ಅಂಗಡಿಯಲ್ಲೂ ಮಾತು ಎದ್ದಿದ್ದು ನಾನು ಕೇಳಿಲ್ಲ. ನಮ್ಮೂರಿನಿಂದ ಅವರು ತಗೊಂಡಿದ್ದು ಬರೀ ಹೆಸರು. ಹೈಸ್ಕೂಲ್ ಮೈದಾನದ ಟೆನಿಸ್ ಬಾಲ್ ಟೂರ್ನಿ ಒಂದು ವರ್ಷ ನಿಲ್ಲಿಸಿ ನೋಡಿ, ಆಗ ಗೊತ್ತಾಗುತ್ತೆ ಗಲಾಟೆ ಅಂದರೇನು ಅಂತ. ಮತ್ತೆ ಯಾರಾದರೂ ಊರ ಹೆಸರಿನಲ್ಲಿ ತಂಡ ಮಾಡ್ತೀವಿ ಅಂತ ಬಂದರೆ ನಾನಂತೂ ಲೋಗೋ, ಜೆರ್ಸಿ ನೋಡೋಕೆ ಹೋಗೋದಿಲ್ಲ. ಎಲ್ಲಿ ಆಡ್ತೀರಿ, ಆ ಜಾಗಕ್ಕೆ ಎಷ್ಟು ಹಾಕ್ತೀರಿ, ಕೈಬಿಟ್ಟು ಹೋದರೆ ಅದು ಯಾರಿಗೆ ಉಳಿಯುತ್ತೆ ಅಂತ ಕೇಳ್ತೀನಿ.