ಹಾಲಿನ ನೀರಿನ ಲೆಕ್ಕ: ಮೆಹ್ಸಾಣಾದ ಬೋರ್‌ವೆಲ್, ಮಲೆನಾಡಿನ ಬೇಣ

ಒಂದು ಲೀಟರ್ ಹಾಲಿಗೆ ಸಾವಿರ ಲೀಟರ್ ನೀರು ಬೇಕು ಅನ್ನುವ ಮಾತು ಈಗ ಹೊಸನಗರ, ತೀರ್ಥಹಳ್ಳಿ ಕಡೆಯ ಡೇರಿ ಕಟ್ಟೆಯ ಮೇಲೂ ಕೇಳಿಬರುತ್ತದೆ. ಅಂಕಿ ಸುಳ್ಳಲ್ಲ. ಜಗತ್ತಿನ ಸರಾಸರಿ ತೆಗೆದರೆ ಕಿಲೋ ಹಾಲಿಗೆ ಸುಮಾರು 1,020 ಲೀಟರ್. ಆದರೆ ಅದರಲ್ಲಿ 863 ಲೀಟರ್ ಹುಲ್ಲು, ಪೈರು ಹೀರಿಕೊಂಡ ಮಳೆನೀರು. ಹೊಳೆ, ಕೆರೆ, ಬೋರ್‌ವೆಲ್‌ನಿಂದ ಎತ್ತಿದ್ದು 86 ಲೀಟರ್ ಮಾತ್ರ. ಉಳಿದದ್ದು ಕೊಳೆಯನ್ನು ತಿಳಿಯಾಗಿಸಲು ಬೇಕಾಗುವ ನೀರಿನ ಲೆಕ್ಕ. ಈ ಮೂರನ್ನೂ ಒಂದೇ ಕೊಡಕ್ಕೆ ಸುರಿದು, ಮಲೆನಾಡಿನ ಹಸುವನ್ನೂ ಗುಜರಾತಿನ ಎಮ್ಮೆಯನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ.

ನಾನಿರುವ ಉತ್ತರ ಗುಜರಾತಿನ ಮೆಹ್ಸಾಣಾ ಕಡೆಯ ಲೆಕ್ಕ ನೋಡಿ. ಇಲ್ಲಿ ರಜಕೊ ಅಂತ ಕರೆಯುವ ಕುದುರೆಮಸಾಲೆ ಸೊಪ್ಪನ್ನು ಅಕ್ಟೋಬರ್-ನವೆಂಬರ್‌ನಲ್ಲಿ ಬಿತ್ತುತ್ತಾರೆ. ಮೊದಲ ಕೊಯ್ಲು ಎರಡು ತಿಂಗಳಿಗೆ, ಆಮೇಲೆ 25-30 ದಿನಕ್ಕೊಂದು. ಮರಳು ಮಿಶ್ರಿತ ನೆಲ, ಎಂಟು-ಹತ್ತು ದಿನಕ್ಕೊಮ್ಮೆ ನೀರು ಹಾಯಿಸಲೇಬೇಕು. ಒಂದು ಎಕರೆಗೆ 50 ಮಿ.ಮೀ. ನಿಲ್ಲುವಷ್ಟು ನೀರೆಂದರೆ ಎರಡು ಲಕ್ಷ ಲೀಟರ್. ಹದಿನೈದು ಸಲ ಬಿಟ್ಟರೆ 30 ಲಕ್ಷ. ಎಕರೆಗೆ 25 ಟನ್ ಸೊಪ್ಪು ಬಂತೆಂದು ಹಿಡಿದರೂ ಕಿಲೋ ಸೊಪ್ಪಿಗೆ 120 ಲೀಟರ್ ಬಿತ್ತು. ದಿನಕ್ಕೆ 15 ಕಿಲೋ ತಿಂದು ಎಂಟು ಲೀಟರ್ ಕೊಡುವ ಎಮ್ಮೆಯ ಹಾಲಿನಲ್ಲಿ, ಲೀಟರಿಗೆ 225 ಲೀಟರ್ ನೆಲದೊಳಗಿನ ನೀರು ಸೇರಿಹೋಯಿತು. ಎಮ್ಮೆ ಕುಡಿದದ್ದು, ಮೈ ತೊಳೆದದ್ದು ಎಲ್ಲ ಸೇರಿಸಿದರೂ ಲೀಟರಿಗೆ ಹದಿನೈದರ ಆಸುಪಾಸು. ಎಂಟುನೂರು, ಸಾವಿರ ಅಡಿಯ ಬೋರ್‌ವೆಲ್ ಇಲ್ಲಿ ಅಪರೂಪವಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ಮಲೆನಾಡಿನ ಕೊಟ್ಟಿಗೆಯ ಹುಲ್ಲು ಬಂದದ್ದೇ ಬೇರೆ ದಾರಿಯಲ್ಲಿ. ಬೇಣದ (ಗುಡ್ಡದ ಹುಲ್ಲುಗಾವಲಿನ) ಕರಡ ಹುಲ್ಲು, ಗದ್ದೆಯ ಬೈಹುಲ್ಲು, ತೋಟದ ಬದುವಿನ ಹಸಿಹುಲ್ಲು, ಸೀಳಿ ಹಾಕಿದ ಅಡಿಕೆ ಹಾಳೆ, ಹೆಚ್ಚಿನವು ಮಳೆಯ ಲೆಕ್ಕದವು. ಎರಡು-ಮೂರು ಲೀಟರ್ ಕರೆಯುವ ಮಲೆನಾಡು ಗಿಡ್ಡ ತಳಿಯ ಹಸು ಗುಡ್ಡದಲ್ಲಿ ಮೇಯ್ದು ಬಂದು ಅಕ್ಕಚ್ಚು (ಅಕ್ಕಿ ತೊಳೆದ ನೀರು) ಕುಡಿದರೆ, ಅದಕ್ಕಾಗಿ ಪಂಪ್‌ಸೆಟ್ ಹೆಚ್ಚು ಓಡಬೇಕಿರಲಿಲ್ಲ. ಸೊಪ್ಪಿನ ಕೊಟ್ಟಿಗೆಯಲ್ಲಿ ಹಾಸಿದ ದರಗು (ಒಣ ಎಲೆ), ಸೊಪ್ಪು ಗಂಜಲ ಹೀರಿಕೊಂಡು ಗೊಬ್ಬರವಾಗುತ್ತಿತ್ತು, ಹಳ್ಳಕ್ಕೆ ಇಳಿಯುತ್ತಿರಲಿಲ್ಲ.

ಈಗ ಬದಲಾಗಿರುವುದು ಇಲ್ಲಿಯೇ, ನನ್ನ ಆತಂಕವೂ ಇದೇ. ಹೆಚ್ಚು ಹಾಲಿನ ವಿದೇಶಿ ತಳಿಯಾದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು ಬಂತು, ಕಾಂಕ್ರೀಟ್ ನೆಲ ಬಂತು, ಜೊತೆಗೆ ಪೈಪೂ ಬಂತು. ನಿಮಿಷಕ್ಕೆ 20 ಲೀಟರ್ ಸುರಿಯುವ ಪೈಪನ್ನು ಬೆಳಿಗ್ಗೆ ಸಂಜೆ ಇಪ್ಪತ್ತಿಪ್ಪತ್ತು ನಿಮಿಷ ಹಿಡಿದರೆ 800 ಲೀಟರ್. ಮೊದಲು ಸಗಣಿಯನ್ನು ಸಲಿಕೆಯಲ್ಲಿ ಬಾಚಿ ಗುಂಡಿಗೆ ಹಾಕಿದರೆ, ಆಮೇಲೆ ನಾಲ್ಕೈದು ಬಕೆಟ್ ಸಾಕು. ನೆಲಕ್ಕೆ ನಾಲ್ಕು ಅಡಿಗೆ ಒಂದಿಂಚು ಇಳಿಜಾರಿರಬೇಕು. ಇಲ್ಲದಿದ್ದರೆ ಗಂಜಲ ನಿಂತು, ಎಷ್ಟು ತೊಳೆದರೂ ವಾಸನೆ ಹೋಗದು. ಹಾಗಂತ ಎಚ್‌ಎಫ್ ಹಸುವನ್ನು ಹಳೆಯ ಒದ್ದೆ ಸೊಪ್ಪಿನ ಮೇಲೆ ಕಟ್ಟಿ ಎಂದೂ ಹೇಳಲಾರೆ. ಅಷ್ಟು ದೊಡ್ಡ ಕೆಚ್ಚಲು ಒದ್ದೆಯಲ್ಲಿ ಊರಿದರೆ ಕೆಚ್ಚಲುಬಾವು ತಪ್ಪಿದ್ದಲ್ಲ. ನೀರು ಉಳಿಸಬಾರದ ಜಾಗವೂ ಒಂದಿದೆ, ಅದು ಹಸು ನೀರು ಕುಡಿಯುವ ಬಾನಿ. ಲೀಟರ್ ಹಾಲಿಗೆ ನಾಲ್ಕೈದು ಲೀಟರ್ ಕುಡಿಯುವ ನೀರು ಬೇಕು. 15 ಲೀಟರಿನ ಹಸುವಿಗೆ ಎರಡು ಹೊತ್ತು ಅಕ್ಕಚ್ಚು ಇಟ್ಟು ಸುಮ್ಮನಾದರೆ ಮೊದಲು ಇಳಿಯುವುದು ಹಾಲೇ.

ಇನ್ನು ಬೇಸಿಗೆ. ಮಾರ್ಚ್‌ನಿಂದ ಮೇವರೆಗೆ ಬಾವಿ ತಳ ಕಾಣುವ ಹೊತ್ತಿನಲ್ಲೇ ನೇಪಿಯರ್ ಹುಲ್ಲಿಗೆ ಸ್ಪ್ರಿಂಕ್ಲರ್ ತಿರುಗುತ್ತದೆ. ಮೆಹ್ಸಾಣಾದ ತಪ್ಪನ್ನು, ಅಷ್ಟೊಂದು ಮಳೆ ಬೀಳುವ ನಾಡು ಯಾಕೆ ಕಲಿಯಬೇಕು? ಮಳೆಗಾಲದ ಹುಲ್ಲನ್ನೇ ರಸಮೇವು (ಗಾಳಿಯಾಡದಂತೆ ಮುಚ್ಚಿಟ್ಟು ಹುಳಿ ಬರಿಸಿದ ಮೇವು, ಸೈಲೇಜ್) ಮಾಡಿಟ್ಟರೆ ಆಯಿತು. ಮಲೆನಾಡಿನ ಹವೆಯಲ್ಲಿ ಹಸಿಹುಲ್ಲು ಒಣಗಿಸುವುದು ಕಷ್ಟ, ಹುಳಿ ಬರಿಸುವುದು ಸುಲಭ.

ಮಳೆ ತಗ್ಗಿದ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ 45-50 ದಿನದ ನೇಪಿಯರ್ ಕೊಯ್ದು, ಅರ್ಧ ದಿನ ಬಾಡಿಸಿ, ಚಾಫ್ ಕಟರ್‌ನಲ್ಲಿ ಮುಕ್ಕಾಲು ಇಂಚಿಗೆ ಕತ್ತರಿಸಬೇಕು. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ ನೋಡಿ. ನೀರು ತೊಟ್ಟಿಕ್ಕಿದರೆ ಹಸಿ ಜಾಸ್ತಿ. ಕೈ ಬಿಟ್ಟಾಗ ಉಂಡೆ ನಿಧಾನಕ್ಕೆ ಬಿಚ್ಚಿಕೊಂಡರೆ ಹದ. ಮಲೆನಾಡಿನಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಹಸಿ ಹೆಚ್ಚಾದದ್ದು ಹುಳಿಯುವ ಬದಲು ಕೊಳೆಯುತ್ತದೆ, ಕೆಟ್ಟ ಬೆಣ್ಣೆಯ ನಾತ ಹೊಡೆಯುತ್ತದೆ, ಹಸು ಮೂಸಿ ನೋಡಿ ಮುಖ ತಿರುಗಿಸುತ್ತದೆ. ಅದಕ್ಕೆ ನೂರು ಕಿಲೋ ಹುಲ್ಲಿಗೆ ಹತ್ತು ಕಿಲೋ ಕತ್ತರಿಸಿದ ಬೈಹುಲ್ಲು ಬೆರೆಸಿ. ನೇಪಿಯರ್‌ನಲ್ಲಿ ಸಕ್ಕರೆ ಅಂಶ ಕಡಿಮೆ, ಹಾಗಾಗಿ ಎರಡು ಕಿಲೋ ಬೆಲ್ಲ ಕರಗಿಸಿ ಚಿಮುಕಿಸಬೇಕು. ಅರ್ಧ ಅಡಿಗೊಂದು ಪದರ ಹಾಕಿ ತುಳಿದು ಗಾಳಿ ಹೊರಡಿಸಿ. ಗಾಳಿ ಉಳಿದ ಕಡೆ ಬೂಸ್ಟು ಹಿಡಿಯುತ್ತದೆ.

ನೆಲ ಅಗೆದು ಗುಂಡಿ ಮಾಡಬೇಡಿ, ಒರತೆ ನುಗ್ಗುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲ ಅಥವಾ ಮುಚ್ಚಳ ಬಿಗಿಯುವ 200 ಲೀಟರ್ ಡ್ರಮ್ ಒಳ್ಳೆಯದು. ಒಂದು ಡ್ರಮ್ಮಿಗೆ ನೂರು ಕಿಲೋ ಮೇಲೆ ಹಿಡಿಯುತ್ತದೆ. ಚೀಲವಾದರೆ ಇಲಿ ಕಚ್ಚಿದ ತೂತನ್ನು ಅಂದೇ ಟೇಪು ಹಾಕಿ ಮುಚ್ಚಬೇಕು. 45 ದಿನ ಬಿಟ್ಟು ತೆಗೆದರೆ ಹಳದಿ ಮಿಶ್ರಿತ ಹಸಿರು, ಹುಳಿ ಹಣ್ಣಿನ ವಾಸನೆ ಇರಬೇಕು. ದಿನಕ್ಕೆ 15 ಕಿಲೋದಂತೆ ಮೂರು ತಿಂಗಳಿಗೆ ಒಂದು ಹಸುವಿಗೆ 1,350 ಕಿಲೋ, ಅಂದರೆ ಹದಿಮೂರು ಡ್ರಮ್. ಕರೆಯುವ ಹೊತ್ತಿನಲ್ಲಿ ಮಾತ್ರ ಡ್ರಮ್ ತೆರೆದಿಡಬೇಡಿ, ಹುಳಿ ವಾಸನೆಯನ್ನು ಹಾಲು ಬೇಗ ಹಿಡಿಯುತ್ತದೆ. ಕರೆದಾದ ಮೇಲೆ ಹಾಕಿ.