ಹನ್ನೆರಡು ಜೊತೆ ಕಾಲು ಬೇಕಾಗಿವೆ

ಈಸ್ಟರ್‌ಗೆ ಮುಂಚಿನ ಗುರುವಾರ ನಮ್ಮ ಚರ್ಚ್ ಸಭೆಯಲ್ಲಿ ಕಾಲು ತೊಳೆಯುವ ಆರಾಧನೆ ಇರುತ್ತದೆ. ಕೊನೆಯ ಊಟದ ರಾತ್ರಿ ಯೇಸು ಸ್ವಾಮಿ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದರಲ್ಲ, ಅದರ ನೆನಪಿಗೆ. ಬೇಕಾಗೋದು ಒಂದು ಬೇಸಿನ್, ಒಂದು ಚೆಂಬು, ಒಂದು ಟವೆಲ್, ಹನ್ನೆರಡು ಜನ. ಇಷ್ಟಕ್ಕೆ ನಮ್ಮ ಕಮಿಟಿ ಮೂರು ಮೀಟಿಂಗ್ ಮಾಡಿತು.

ತೊಳೆಯೋದು ಯಾರು ಅಂತ ಜಗಳ ಇರಲಿಲ್ಲ. ಅದು ಪಾಸ್ಟರ್ ಕೆಲಸ, ಅದಕ್ಕೆ ಯಾರೂ ಪೈಪೋಟಿಗೆ ಬರಲಿಲ್ಲ. ಜಗಳ ಇದ್ದದ್ದು ಯಾರ ಕಾಲು ಅಂತ. ಸೆಕ್ರೆಟರಿ, ಖಜಾಂಚಿ, ಹಿರಿಯರು, ಕ್ವಾಯರ್ ಲೀಡರ್, ಯೂತ್ ಲೀಡರ್, ಸ್ತ್ರೀಯರ ಸಂಘದ ಅಧ್ಯಕ್ಷೆ, ಪಾರ್ಕಿಂಗಿಗೆ ಟೈಲ್ಸ್ ಹಾಕಿಸಿಕೊಟ್ಟವರು, ಟೈಲ್ಸ್ ಹಾಕಿಸಿಕೊಟ್ಟವರ ಭಾವ. ಎಣಿಸಿದರೆ ಹತ್ತೊಂಬತ್ತು. "ತಲೆಗೆ ಒಂದೇ ಕಾಲು ಅಂತ ಮಾಡಿದರೆ ಇಪ್ಪತ್ನಾಲ್ಕು ಜನ ಹಿಡಿಸುತ್ತೆ" ಅಂದರು ಒಬ್ಬ ಹಿರಿಯರು. ತಮಾಷೆಗಲ್ಲ. ಮಿನಿಟ್ಸ್ ಪುಸ್ತಕದಲ್ಲಿ ಬರೆದಿದೆ, ಬೇಕಾದರೆ ತೋರಿಸ್ತೀನಿ.

ಒಬ್ಬ ಹುಡುಗ ಮಾತ್ರ ಎದ್ದು ನಿಂತು, 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಅಲ್ಲಿದ್ದ ಹನ್ನೆರಡು ಜನರ ಕಾಲು ತೊಳೆದರು, ಅದರಲ್ಲಿ ಹುಡುಗಿಯರೂ ಇದ್ದರು, ಮುಸ್ಲಿಮರೂ ಇದ್ದರು, ನಾವೂ ಆ ಥರ ಏನಾದರೂ ಮಾಡಬಹುದಲ್ವಾ ಅಂದ. ಕಮಿಟಿ ಗಂಭೀರವಾಗಿ ಕೇಳಿಸಿಕೊಂಡಿತು. ಆಮೇಲೆ ಅಧ್ಯಕ್ಷರು "ಅವರು ಕಥೋಲಿಕರಪ್ಪ, ನಮ್ಮ ಪದ್ಧತಿ ಬೇರೆ" ಅಂದರು. ಅದೂ ನಿಜವೇ.

ಈ ಜಗಳ ನೋಡಿ ಬೇಜಾರಾಗಬೇಡಿ. ಇದು ಪೂರ್ತಿ ಸತ್ಯವೇದಕ್ಕೆ, ಅಂದರೆ ಬೈಬಲಿಗೆ, ತಕ್ಕ ಹಾಗೇ ಇದೆ. ಅದೇ ಕೊನೆಯ ಊಟದ ಹೊತ್ತಿನಲ್ಲಿ, ನಮ್ಮಲ್ಲಿ ದೊಡ್ಡವನು ಯಾರು ಅಂತ ಶಿಷ್ಯರು ವಾದ ಮಾಡಿಕೊಂಡರು ಅಂತ ಸುವಾರ್ತೆಯಲ್ಲಿ ಲೂಕ ಬರೆದಿದ್ದಾನೆ. ಅದಕ್ಕೂ ಮುಂಚೆ ಆ ಶಿಷ್ಯರಲ್ಲೇ ಇಬ್ಬರು, ಜೆಬೆದಾಯನ ಮಕ್ಕಳು ಯಾಕೋಬ, ಯೋಹಾನ, ಯೇಸು ಸ್ವಾಮಿಯ ಬಲಗಡೆ ಎಡಗಡೆ ಸೀಟು ಕೇಳಿದ್ದರು. ಇನ್ನೊಬ್ಬ ಸುವಾರ್ತೆಗಾರ ಮತ್ತಾಯನ ಪ್ರಕಾರ ಅವರ ಅಮ್ಮನೇ ಶಿಫಾರಸಿಗೆ ಬಂದಿದ್ದಳು. ಉಳಿದ ಹತ್ತು ಜನಕ್ಕೆ ಸಿಟ್ಟು ಬಂತಂತೆ. ಅವರು ಕೇಳೋದಕ್ಕೆ ಮುಂಚೆ ಇವರು ಕೇಳಿಬಿಟ್ಟರಲ್ಲ, ಬರದೆ ಇನ್ನೇನು! ಶಿಷ್ಯತ್ವದ ಬೇರೆ ಯಾವ ಪಾಠವೂ ನಮಗೆ ಹತ್ತದಿದ್ದರೂ ಈ ಒಂದು ಪಾಠವನ್ನು ನಾವು ಬಿಟ್ಟಿಲ್ಲ.

ಅದಕ್ಕೆ ತರಬೇತಿಯೂ ನಡೆಯುತ್ತದೆ. ಹೋದ ಸಲ ಗೇಟಿನ ಮುಂದೆ ಆಳೆತ್ತರದ ಫ್ಲೆಕ್ಸ್: "ಸೇವಕ ನಾಯಕತ್ವ ಶಿಬಿರ". ನಡುವೆ ಭಾಷಣಕಾರರು ಕೈ ಕಟ್ಟಿಕೊಂಡು ನಿಂತಿದ್ದಾರೆ. ಹೆಸರಿನ ಹಿಂದೆ ರೆವರೆಂಡ್, ಡಾಕ್ಟರ್, ಬಿಷಪ್, ಅಪೊಸ್ತಲ ಎಲ್ಲಾ ಸೇರಿ ಹೆಸರು ಎರಡನೇ ಸಾಲಿಗೆ ಇಳಿದಿದೆ. (ಆ ಡಾಕ್ಟರ್ ಅನ್ನೋದು ಒಂದು ಮಧ್ಯಾಹ್ನ ಹೋಟೆಲ್ ಹಾಲಿನಲ್ಲಿ ಕೊಟ್ಟದ್ದು. ಊಟವೂ ಇತ್ತಂತೆ.) ಕೆಳಗೆ ಕಮಿಟಿಯವರ ಫೋಟೋಗಳು, ಕೊಟ್ಟ ದುಡ್ಡಿಗೆ ತಕ್ಕ ಸೈಜಿನಲ್ಲಿ. ಯೇಸು ಸ್ವಾಮಿ ಮೇಲೆ ಎಡಗಡೆ ಮೂಲೆಯಲ್ಲಿ, ಪ್ರಿಂಟಿಂಗ್‌ನವನ ಮೊಬೈಲ್ ನಂಬರಿಗಿಂತ ಸ್ವಲ್ಪ ಚಿಕ್ಕದಾಗಿ.

ಹತ್ತು ಗಂಟೆಗೆ ಶುರುವಾದ ಶಿಬಿರದಲ್ಲಿ ಸನ್ಮಾನ ಮುಗಿಯುವಾಗ ಒಂದೂವರೆ. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಪೇಟ ಮೂರೇ ಇದ್ದವು, ವೇದಿಕೆ ಮೇಲೆ ಏಳು ಜನ. ಹಾಗಾಗಿ ಒಬ್ಬರಿಗೆ ತೊಡಿಸಿ, ಫೋಟೋ ತೆಗೆದು, ಹಿಂದಿನಿಂದ ಮೆಲ್ಲಗೆ ಎತ್ತಿ ಇನ್ನೊಬ್ಬರಿಗೆ ಇಡುತ್ತಿದ್ದರು. ಸೇವಕನಾಗೋದು ಹೇಗೆ ಅನ್ನೋ ವಿಷಯಕ್ಕೆ ಇಪ್ಪತ್ತು ನಿಮಿಷ ಸಿಕ್ಕಿತು, ಅಷ್ಟರಲ್ಲಿ ಬಿರಿಯಾನಿ ವಾಸನೆ ಬಂತು. ಕೊನೆಗೆ ಎಲ್ಲರಿಗೂ ಸೇವಕ ನಾಯಕ ಅಂತ ಸರ್ಟಿಫಿಕೇಟ್ ಕೊಟ್ಟರು. ಸರ್ಟಿಫಿಕೇಟ್ ಸಿಕ್ಕಿದವರೆಲ್ಲ ಮನೆಗೆ ಹೋದರು. ಕುರ್ಚಿ ಎತ್ತಿಟ್ಟವರು ಶಾಮಿಯಾನದ ಹುಡುಗರು.

ನಮ್ಮಲ್ಲಿ ಬುಧವಾರ ಸಾಯಂಕಾಲ ಶಿಷ್ಯತ್ವ ತರಗತಿ ಅಂತ ಒಂದಿತ್ತು. ಬರುತ್ತಿದ್ದವರು ನಾಲ್ಕು ಜನ, ಅದರಲ್ಲಿ ಒಬ್ಬರು ಬಸ್ಸು ಬರೋವರೆಗೆ ಕೂರುತ್ತಿದ್ದರು. ಪಾಸ್ಟರ್ ಬುದ್ಧಿವಂತರು. ಹೆಸರನ್ನು "ನಾಳಿನ ನಾಯಕರು" ಅಂತ ಬದಲಾಯಿಸಿದರು. ಪಾಠ ಅದೇ, ನೋಟ್ಸ್ ಅದೇ, ಮೇಲಿನ ಹಾಳೆ ಮಾತ್ರ ಹೊಸದು. ಈಗ ಬೆಂಚು ಸಾಲದೆ ಸಂಡೇ ಸ್ಕೂಲಿನ ಮಣೆ ತಂದು ಹಾಕಿದ್ದಾರೆ. ಎಲ್ಲರೂ ನಾಯಕರಾದ ಮೇಲೆ ಹಿಂದೆ ನಡೆಯೋರು ಯಾರು ಅಂತ ನಾನು ಕೇಳಿದೆ. ಅದು ಎರಡನೇ ಬ್ಯಾಚಿನಲ್ಲಿ ಬರುತ್ತದಂತೆ.

ಹಾಗಂತ ನಾವೇ ಜಾಸ್ತಿ ಕೆಟ್ಟುಹೋಗಿದ್ದೀವಿ ಅನ್ನೋದೂ ತಪ್ಪು. 2018ರಲ್ಲಿ ಅಮೆರಿಕದ ಜೆಸ್ಸಿ ಡುಪ್ಲಾಂಟಿಸ್ ಅನ್ನೋ ಟಿವಿ ಪ್ರಸಂಗಿ ತಮ್ಮ ಸೇವೆಗೆ ಫಾಲ್ಕನ್ 7ಎಕ್ಸ್ ವಿಮಾನ ಬೇಕು ಅಂತ ವಿಶ್ವಾಸಿಗಳ ಮುಂದೆ ಇಟ್ಟರು. ಬೆಲೆ 5.4 ಕೋಟಿ ಡಾಲರ್. ಅದಕ್ಕೂ ಮುಂಚೆ ಮೂರು ವಿಮಾನ ಆಗಿಹೋಗಿದ್ದವು. ಯೇಸು ಈಗ ಭೂಮಿ ಮೇಲೆ ಇದ್ದಿದ್ದರೆ ಕತ್ತೆ ಮೇಲೆ ಓಡಾಡುತ್ತಿರಲಿಲ್ಲ ಅಂತ ವಿವರಣೆ ಬೇರೆ ಕೊಟ್ಟರು. ಯೇಸು ಯೆರೂಸಲೇಮಿಗೆ ಹತ್ತಿಕೊಂಡು ಹೋದ ಆ ಕತ್ತೆಯೂ ಸ್ವಂತದ್ದಲ್ಲ, ಇನ್ನೊಬ್ಬರ ಮನೆ ಮುಂದೆ ಕಟ್ಟಿದ್ದನ್ನು ಕೇಳಿ ತಂದದ್ದು. ನಮ್ಮ ಪಾಸ್ಟರ್ ಈ ಕಥೆಯನ್ನು ಪ್ರಸಂಗದಲ್ಲಿ ಹೇಳಿ ಚೆನ್ನಾಗಿ ಬೈದರು. ಆಮೇಲೆ ಹೊರಗೆ ಬಂದು, ತಮ್ಮ ಇನ್ನೋವಾಗೆ ಅಂತ ಹಳದಿ ಪಟ್ಟೆ ಬಳಿಸಿದ ಜಾಗದಲ್ಲಿ ಯಾರೋ ಸ್ಕೂಟರ್ ನಿಲ್ಲಿಸಿದ್ದಾರೆ ಅಂತ ಇನ್ನೂ ಚೆನ್ನಾಗಿ ಬೈದರು.

ಇರಲಿ, ಗುರುವಾರಕ್ಕೆ ಬರ್ತೀನಿ. ಹನ್ನೆರಡು ಕುರ್ಚಿ, ಬಿಳಿ ಕವರ್, ಹಿಂದೆ ರಿಬ್ಬನ್ ಗಂಟು. ಎಲ್ಲರೂ ಮನೆಯಲ್ಲೇ ಕಾಲು ಉಜ್ಜಿ ತೊಳೆದು ಬಂದಿದ್ದರು. ಒಬ್ಬರು ಪೌಡರ್ ಹಾಕಿಕೊಂಡಿದ್ದರು, ನೀರು ಬಿದ್ದ ತಕ್ಷಣ ಹಿಟ್ಟಿನ ಥರ ಮೆತ್ತಿಕೊಂಡಿತು. "ಪಾಸ್ಟರ್, ತಲೆ ಸ್ವಲ್ಪ ಎತ್ತಿ, ಮುಖ ಬೀಳ್ತಾ ಇಲ್ಲ" ಅಂತ ಲೈವ್ ಮಾಡುತ್ತಿದ್ದ ಹುಡುಗ ಎರಡು ಸಲ ನಿಲ್ಲಿಸಿದ. ಮೂರನೇ ಕಾಲನ್ನು ಹಾಗಾಗಿ ಮೂರು ಸಲ ತೊಳೆಯಲಾಯಿತು.

ಒಂಬತ್ತನೆಯವರು ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡರು. ಕುರ್ಚಿ ಖಾಲಿ ಕಂಡರೆ ಲೈವ್‌ನಲ್ಲಿ ಚೆನ್ನಾಗಿರಲ್ಲ ಅಂತ ಯಾರೋ ಗೇಟಿನಿಂದ ವಾಚ್‌ಮನ್‌ನನ್ನು ಕರೆತಂದರು. ಅವನು ಬಾಗಿಲ ಹತ್ತಿರವೇ ನಿಂತುಬಿಟ್ಟ. "ಬ್ಯಾಡಿ ಸಾರ್, ಕಾಲೆಲ್ಲ ಗಲೀಜು" ಅಂದ. ನಿಜ, ಬೆಳಿಗ್ಗೆಯಿಂದ ಅದೇ ಹವಾಯಿ ಚಪ್ಪಲಿಯಲ್ಲಿ ಕಾಂಪೌಂಡ್ ಗುಡಿಸಿ, ಗಿಡಕ್ಕೆ ನೀರು ಹಾಕಿದ ಕಾಲು. ಆ ರಾತ್ರಿ ಶಿಷ್ಯ ಪೇತ್ರನೂ ಮೊದಲು ಬೇಡ ಅಂದಿದ್ದ, ಯೇಸು ಸ್ವಾಮಿ ಬಿಡಲಿಲ್ಲ. ನಮ್ಮ ಸೆಕ್ರೆಟರಿ ಒಂದು ಸಲ ಕೆಳಗೆ ನೋಡಿ, "ಹೌದು ಬಿಡಿ, ನೀರು ಕೊಳೆ ಆಗುತ್ತೆ, ಇನ್ನೂ ಮೂರು ಜನ ಬಾಕಿ ಇದ್ದಾರೆ" ಅಂದರು.

ಈ ಭಾನುವಾರ ನೋಟಿಸ್ ಬೋರ್ಡಿನಲ್ಲಿ ಹೊಸ ಪ್ರಕಟಣೆ ಬಂದಿದೆ. ಮುಂದಿನ ವರ್ಷ ಕಾಲು ತೊಳೆಸಿಕೊಳ್ಳಲು ಇಷ್ಟ ಇರುವವರು ಆಫೀಸಿನಲ್ಲಿ ಫಾರಂ ತುಂಬಿ, ಸದಸ್ಯತ್ವದ ಚಂದಾ ರಸೀದಿ ಮತ್ತು ಎರಡು ಫೋಟೋ ಕೊಡಬೇಕು. ಫೋಟೋ ಮುಖದ್ದೋ ಕಾಲಿನದ್ದೋ ಅಂತ ಬರೆದಿಲ್ಲ. ಕೇಳೋಣ ಅಂತ ಹೋದರೆ ಆಫೀಸಿನ ಮುಂದೆ ಆಗಲೇ ಕ್ಯೂ ಇತ್ತು.