ಮೃಗಶಿರೆಗೆ ಕಾದ ಏರುಮಡಿ

ತೀರ್ಥಹಳ್ಳಿಯ ಕಡೆ ಹುಟ್ಟಿ ಬೆಳೆದವನಿಗೆ ಜೂನ್ ಬಂತೆಂದರೆ ಏನಾದರೂ ನೆಡದೆ ಕೈ ಸುಮ್ಮನಿರುವುದಿಲ್ಲವಾದ್ದರಿಂದ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಹಿತ್ತಿಲಿರುವ ಮನೆ ಸಿಕ್ಕ ವರ್ಷ ನಾನು ಪಂಚಾಂಗ ನೋಡಿಯೇ ಕೆಲಸಕ್ಕೆ ಇಳಿದೆ. ಈ ಊರಿನ ಮಳೆಗಾಲ ನವೆಂಬರಿನಿಂದ ಮಾರ್ಚಿನವರೆಗೆ, ಅದೂ ವರ್ಷಕ್ಕೆಲ್ಲ ಸೇರಿ ಸುಮಾರು 15 ಇಂಚು ಎಂಬ ಸಂಗತಿ ಪಂಚಾಂಗದಲ್ಲಿ ಇರಲಿಲ್ಲ.

ಮಡಿ ಏರಿಸಲು ಕಾರಣವಿತ್ತು. ನಮ್ಮ ಹಿತ್ತಿಲಿನದು ಅಪ್ಪಟ ಜೇಡಿಮಣ್ಣು. ಚಳಿಗಾಲದಲ್ಲಿ ಬೂಟನ್ನು ಹಿಡಿದರೆ ಬಿಡುವುದಿಲ್ಲ, ಬೇಸಿಗೆಯಲ್ಲಿ ಪಿಕಾಸಿಯನ್ನು ಹತ್ತಿರ ಸೇರಿಸುವುದಿಲ್ಲ. ರೆಡ್‌ವುಡ್ ಹಲಗೆ ತಂದು 8 ಅಡಿ ಉದ್ದ, 4 ಅಡಿ ಅಗಲ, 1 ಅಡಿ ಎತ್ತರದ ಚೌಕಟ್ಟು ಹೊಡೆದೆ. ಒಂದೂವರೆ ಘನ ಅಡಿಯ ಮಣ್ಣಿನ ಚೀಲಗಳನ್ನು ಕಣ್ಣಂದಾಜಿನಲ್ಲಿ ಎಂಟು ತಂದು ಸುರಿದಾಗ ಅದು ನಾಲ್ಕೂವರೆ ಇಂಚಿಗೇ ನಿಂತಿತು. ಗುಣಾಕಾರ ಮಾಡಿ ನೋಡಿದರೆ ಬೇಕಾದದ್ದು ಇಪ್ಪತ್ತೆರಡು. ಉಳಿದ ಹದಿನಾಲ್ಕನ್ನೂ ತಂದು ತುಂಬಿ, ಬೆನ್ನಿಗೆ ಮುಲಾಮು ಹಚ್ಚಿಸಿಕೊಂಡು ಮಲಗಿದ ಮೇಲೆ, ನೆಲದಡಿ ಬಿಲ ತೋಡಿ ಬೇರು ತಿನ್ನುವ ಗೋಫರಿಗೆ ಅಡ್ಡವಾಗಿ ತಳದಲ್ಲಿ ಹಾಸಬೇಕಾಗಿದ್ದ ತಂತಿಜಾಲರಿ ಸುರುಳಿಯಾಗಿಯೇ ಗ್ಯಾರೇಜಿನಲ್ಲಿದೆ ಎಂದು ಹೆಂಡತಿ ನೆನಪಿಸಿದಳು. ಮರುದಿನ ಏನಾಯಿತೆಂದು ವಿವರಿಸುವ ಚೈತನ್ಯ ಈಗಲೂ ನನಗಿಲ್ಲ.

ಮೃಗಶಿರೆಯ ಮೊದಲ ದಿನ ಟೊಮೆಟೊ, ಮೆಣಸು ನೆಟ್ಟು, ಕೊತ್ತಂಬರಿ ಬಿತ್ತಿ, ವಿಡಿಯೋದಲ್ಲಿ ಅಮ್ಮನಿಗೆ ತೋರಿಸಿದೆ. ಅಮ್ಮ ಬಹಳ ಹೊತ್ತು ನೋಡಿ, "ಅಲ್ವೋ ಮಾರಾಯ, ಶುಂಠಿಗೆ ಮಡಿ ಏರಿಸೋದು ನೀರು ನಿಲ್ಲಬಾರದು ಅಂತ. ಅಲ್ಲಿ ಮಳೆಯೇ ಇಲ್ವಲ್ಲ, ನೀನು ಏರಿಸಿದ್ದು ಯಾಕೆ?" ಎಂದಳು. ಜೇಡಿಮಣ್ಣಿನ ಕಥೆ ಹೇಳಿದೆ, ನಂಬಿದಂತೆ ಕಾಣಲಿಲ್ಲ.

ಜುಲೈಯಲ್ಲಿ ಕೊತ್ತಂಬರಿ ಸೆಕೆಗೆ ಹೆದರಿ, ಒಂದು ಕಟ್ಟೂ ಸೊಪ್ಪು ಕೊಡದೆ ನೇರವಾಗಿ ಹೂ ಬಿಟ್ಟಿತು. ಟೊಮೆಟೊ ದಿನವೂ ಮಧ್ಯಾಹ್ನ ತಲೆ ತೂಗುತ್ತಿತ್ತು. ಎರಡು ಹೊತ್ತೂ ನೀರು ಹಾಕುತ್ತಿದ್ದೆ, ಹಲಗೆಯ ಸಂದಿನಿಂದ ಅದು ಹರಿದು ಬರುವುದನ್ನು ಕಂಡು ಗಿಡಕ್ಕೆ ಹೊಟ್ಟೆ ತುಂಬಿತೆಂದು ತಿಳಿಯುತ್ತಿದ್ದೆ. ಒಂದು ಸಂಜೆ ಬುಡದಲ್ಲಿ ಬೆರಳೂರಿದರೆ, ಒಂದು ಇಂಚಿನ ಕೆಳಗೆ ಅವಲಕ್ಕಿ ಚೀಲದಂತೆ ಒಣಒಣ! ಚೀಲದ ಮಣ್ಣಿನಲ್ಲಿರುವ ಪೀಟ್, ಅಂದರೆ ಜೌಗಿನಲ್ಲಿ ಕೊಳೆತ ಪಾಚಿಯ ಪುಡಿ, ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಕಿದ ನೀರೆಲ್ಲ ಅಂಚು ಹಿಡಿದು ಇಳಿದು ಹುಲ್ಲುಹಾಸಿಗೆ ಸೇರುತ್ತಿತ್ತು. ಆ ವರ್ಷ ನಮ್ಮ ಮನೆಯಲ್ಲಿ ಸೊಂಪಾಗಿ ಬೆಳೆದದ್ದು ಹುಲ್ಲು ಮಾತ್ರ.

ಅಮ್ಮ ಹೇಳಿದಂತೆ, ಅಡಿಕೆ ಮರದ ಬುಡಕ್ಕೆ ಸೊಪ್ಪು ಹಾಕುವ ಕ್ರಮದಲ್ಲೇ ಒಣ ಎಲೆಗಳನ್ನು ದಪ್ಪಗೆ ಮುಚ್ಚಿ, ಹನಿ ನೀರಾವರಿಯ ಕೊಳವೆ ಎಳೆದು, ಟೈಮರ್ ಕೂಡಿಸಿದೆ. ಅಕ್ಟೋಬರಿನಲ್ಲಿ ಮತ್ತೆ ಕೊತ್ತಂಬರಿ, ಮೆಂತ್ಯ ಬಿತ್ತಿದೆ. ನವೆಂಬರಿನ ಒಂದು ಬೆಳಗಿನ ಜಾವ ಸೂರಿನ ಮೇಲೆ ಸದ್ದು ಕೇಳಿ, ಐದು ತಿಂಗಳು ತಡವಾಗಿಯಾದರೂ ಮೃಗಶಿರೆ ಬಂತೆಂದು ಬರಿಗಾಲಲ್ಲಿ ಹಿತ್ತಿಲಿಗೆ ಓಡಿದೆ. ಧೋ ಎಂದು ಸುರಿಯುವ ಮಳೆಯ ನಡುವೆ ಟೈಮರ್ ತನ್ನ ಕರ್ತವ್ಯ ಮರೆಯದೆ, ಒಂದೊಂದು ಗಿಡಕ್ಕೂ ತೊಟ್ಟು ತೊಟ್ಟಾಗಿ ನೀರು ಹಾಕುತ್ತಿತ್ತು.